ಕಟ್ ಮಾಡಿದ 4 ಸೆಕೆಂಡ್

(1/5)
ದೋಸ್ತರ, ಬಾದಾಮಿ ಬಂಡೆ ಹತ್ತಿದ ನನ್ನ ರೀಲ್ ನೆನಪೈತೇನು? ನಿಮ್ಮಲ್ಲಿ ಬಹಳ ಮಂದಿ ಸ್ಟೋರಿಗೆ ಹಾಕಿದ್ರಿ. ನಿನ್ನೆ ಅದನ್ನ ಡಿಲೀಟ್ ಮಾಡೀನಿ. ಯಾಕಂತ ಹೇಳ್ತೀನಿ, ಪೂರ್ತಿ ಓದ್ರಿ.

(2/5)
ಶೂಟ್ ಮಾಡಿದ ಹಿಂದಿನ ರಾತ್ರಿ ಮಳಿ ಆಗಿತ್ತು. ಬಾದಾಮಿದು ಮರಳುಗಲ್ಲು. ಹಸಿ ಆದ್ರ ಬಲ ಕಡಿಮೆ ಆಗಿ, ಹಿಡಿದ ತುದಿನೇ ಮುರಿದು ಕೈಗೆ ಬರಬಹುದು. ಅದಕ್ಕ ತಿಳಿದ ಕ್ಲೈಂಬರ್‌ಗಳು ಕಲ್ಲು ಒಣಗೋತನಕ ಕಾಯ್ತಾರ. ನಮಗ ಇದು ಗೊತ್ತಿರಲಿಲ್ಲ. ಹಗ್ಗ ಇಲ್ಲ, ಹೆಲ್ಮೆಟ್ ಇಲ್ಲ. ನನ್ನ ಕಾಲು ಜಾರಿತು, ಗೆಳೆಯ ಅಂಗಿ ಹಿಡಿದು ಎಳೆದ. ಆ 4 ಸೆಕೆಂಡ್ ಎಡಿಟಿಂಗ್‌ನಾಗ ಕಟ್ ಮಾಡಿದೆ. ಉಳಿದದ್ದಕ್ಕ ಸ್ಲೋಮೋಷನ್, ಬಿಜಿಎಂ.

ಎರಡು ವಾರಕ್ಕ ಅದೇ ಜಾಗ ಹುಡುಕಿಕೊಂಡು ಹೋದ ಜೂನಿಯರ್ ಒಬ್ಬ ಮಣಿಕಟ್ಟು ಮುರಕೊಂಡು ಬಂದ. "ಅಣ್ಣಾ, ವಿಡಿಯೋದಾಗ ಸರಳ ಕಂಡಿತ್ತು" ಅಂದ.

(3/5)
"ಹೋಗೋದು ಬಿಡೋದು ಅವರವರ ಬುದ್ಧಿ" ಅಂತೀರೇನು? ನಾವು ಬಿಕಾಂನವರು. ಸಾಲ ಮುಚ್ಚಿಟ್ಟು ಆಸ್ತಿ ಅಷ್ಟ ತೋರಿಸೋ ಬ್ಯಾಲೆನ್ಸ್ ಶೀಟಿಗೆ ಏನಂತೀವಿ? ವಿಂಡೋ ಡ್ರೆಸ್ಸಿಂಗ್. ನನ್ನ ರೀಲ್ ಕೂಡ ಅದೇ.

2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ, ಗೆಳೆಯ ವಿಡಿಯೋ ಮಾಡ್ತಿರುವಾಗಲೇ ಒಬ್ಬ ಯುವಕ ಜಾರಿಬಿದ್ದು ಸತ್ತ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನ ಸರ್ಕಾರ ತಾತ್ಕಾಲಿಕವಾಗಿ ಬಂದ್ ಮಾಡಬೇಕಾಯಿತು. ಇಷ್ಟಾದರೂ ನಮಗ ಬುದ್ಧಿ ಬರಲಿಲ್ಲ.

(4/5)
"ಚಿತ್ರದುರ್ಗದ ಜ್ಯೋತಿರಾಜ್ ಹಗ್ಗ ಇಲ್ಲದ ಕೋಟಿಗೋಡೆ ಹತ್ತೂದಿಲ್ಲೇನು?" ಹತ್ತತಾರ. ಅವರ ಹಿಂದ ವರ್ಷಗಟ್ಟಲೆ ಅಭ್ಯಾಸ ಐತಿ. ನಮ್ಮ ಹಿಂದ ಏನೈತಿ? ಒಂದು ಟ್ರೈಪಾಡ್.

(5/5)
ವಿಡಿಯೋ ಬ್ಯಾಡ ಅನ್ನಾಕತ್ತಿಲ್ಲ. ಮಾಡ್ರಿ. ಜಮಖಂಡಿ ರಾಮತೀರ್ಥದ ಗುಡ್ಡ ಹತ್ರಿ, ಬೀಳಗಿ ಗುಡ್ಡಕ್ಕ ಹೋಗ್ರಿ. ಮುಧೋಳ ಗ್ಯಾಂಗ್‌ನವರೂ ಬರ್ರಿ. ಆದ್ರ ತುದಿಯ ಪೋಸ್ ಅಷ್ಟ ಅಲ್ಲ, ಏದುಸಿರು, ಖಾಲಿಯಾದ ನೀರಿನ ಬಾಟಲಿ, ಹೆದರಿ ಅರ್ಧಕ್ಕ ವಾಪಸ್ ಬಂದದ್ದು, ಎಲ್ಲಾ ತೋರಿಸ್ರಿ. ವಾಪಸ್ ಬರೋದು ಸೋಲಲ್ಲ, ಅದೂ ಒಂದು ಸೀನ್.

ರಬಕವಿ-ಬನಹಟ್ಟಿ ದೋಸ್ತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮ್ಯಾಲೆ ಹರಿದ ಎಳೆ ಮುಚ್ಚಿಟ್ರ, ಸೀರಿ ಬಿಚ್ಚಿದಾಗ ಅದೇ ಮೊದಲು ಕಾಣತೈತಿ.

ಕಟ್ ಮಾಡಿದ ಆ 4 ಸೆಕೆಂಡ್ ನನ್ನ ಫೋನ್‌ನಾಗ ಇನ್ನೂ ಐತಿ. ನಾಳೆ ಹಾಕ್ತೀನಿ. ಮ್ಯೂಸಿಕ್ ಇರೂದಿಲ್ಲ. ಲೈಕ್ ಬ್ಯಾಡ, ಆ ಜಾಗಕ್ಕ ಹೊಂಟವರಿಗೆ ಕಳಿಸ್ರಿ.

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ