ಹೊರೆ ಬೆನ್ನಿನ ಮೇಲೋ, ಕಾಲಿನ ಮೇಲೋ?

ಮಳೆಗಾಲ ಮುಗಿದು ಸಹ್ಯಾದ್ರಿಯ ಶಿಖರಗಳು ಮೋಡದ ಮುಸುಕನ್ನು ತೆಗೆದೊಡನೆ ನಮ್ಮ ಕಾಲೇಜುಗಳಲ್ಲಿ ಚಾರಣದ ಮಾತು ಮೊದಲಾಗುತ್ತದೆ. ಕುಮಾರ ಪರ್ವತವೋ ಕೊಡಚಾದ್ರಿಯೋ ಮುಳ್ಳಯ್ಯನಗಿರಿಯೋ ಎಂಬ ಚರ್ಚೆ ಮುಗಿಯುವುದರೊಳಗಾಗಿ ಸಾಮಾನುಗಳ ಪಟ್ಟಿಯೊಂದು ಸಿದ್ಧವಾಗಿರುತ್ತದೆ. ಹೋದ ವರ್ಷ ಇಂಥದೊಂದು ಪಟ್ಟಿ ನಮ್ಮ ಕೈಗೆ ಬಂದಿತು. ಕಣಕಾಲನ್ನು ಮುಚ್ಚುವ ಗಟ್ಟಿ ಬೂಟು ಕಡ್ಡಾಯವೆಂಬುದೇ ಅದರ ಮೊದಲನೆಯ ಸಾಲು. ಅಂಥ ಬೂಟಿನ ಬೆಲೆಯನ್ನು ವಿಚಾರಿಸಿಕೊಂಡು ಬಂದ ವಿದ್ಯಾರ್ಥಿಯೊಬ್ಬನು ತನ್ನ ಹೆಸರನ್ನು ಹಿಂದಕ್ಕೆ ತೆಗೆದುಕೊಂಡನು. ಅವನಲ್ಲಿ ಗುಡ್ಡಗಾಡಿನ ಓಟಕ್ಕೆ ಬಳಸುವ ಹಗುರವಾದ ಜೋಡೊಂದು ಇದ್ದಿತು. "ಇದು ಸಾಲದೆ, ಸಾರ್?" ಎಂದು ಅವನು ಕೇಳಿದಾಗ ನಾವೂ ಪಟ್ಟಿಯನ್ನೇ ನಂಬಿ, ಸಾಲದೆಂದು ಹೇಳಿಬಿಟ್ಟೆವು. ಆ ಉತ್ತರ ತಪ್ಪಾಗಿತ್ತು. ಭೌತವಿಜ್ಞಾನವನ್ನು ಬೋಧಿಸುವ ನಾವು ಒಂದು ಸಣ್ಣ ಲೆಕ್ಕವನ್ನಾದರೂ ಮಾಡಿ ನೋಡಬೇಕಾಗಿತ್ತು. ಆ ಲೆಕ್ಕವನ್ನು ಈಗ ವಾಚಕರ ಮುಂದಿಡುತ್ತೇವೆ.

ಒಬ್ಬನು ಗಂಟೆಗೆ 4 ಕಿಲೋಮೀಟರು ವೇಗದಲ್ಲಿ ಸಮತಟ್ಟಾದ ದಾರಿಯಲ್ಲಿ ನಡೆಯುತ್ತಿರುವನೆಂದು ಭಾವಿಸೋಣ. ಎಂದರೆ ಸೆಕೆಂಡಿಗೆ ಸುಮಾರು 1.1 ಮೀಟರು. ಅವನ ಬೆನ್ನಿನ ಚೀಲವೂ ಹೆಚ್ಚು ಕಡಿಮೆ ಅದೇ ವೇಗದಲ್ಲಿ ಒಂದೇ ಸಮನೆ ಮುಂದೆ ಸಾಗುತ್ತದೆ. ಏಕರೂಪದ ಚಲನೆಯನ್ನು ಉಳಿಸಿಕೊಳ್ಳುವುದಕ್ಕೆ ಬಲ ಬೇಕಿಲ್ಲವೆಂಬುದು ನ್ಯೂಟನ್ನನ ಮೊದಲನೆಯ ನಿಯಮ. ಆದರೆ ನಡೆಯುವಾಗ ಮುಂಡವು ಹೆಜ್ಜೆ ಹೆಜ್ಜೆಗೂ ಸುಮಾರು 4 ಸೆಂಟಿಮೀಟರು ಮೇಲೇರಿ ಇಳಿಯುತ್ತದೆ. ಚೀಲದಲ್ಲಿರುವ ಒಂದು ಕಿಲೋಗ್ರಾಂ ವಸ್ತುವನ್ನು ಇಷ್ಟು ಎತ್ತುವುದಕ್ಕೆ ಬೇಕಾಗುವ ಶಕ್ತಿ ಸುಮಾರು 0.4 ಜೂಲ್.

ಪಾದದ ಸ್ಥಿತಿ ಬೇರೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅದು ನೆಲದ ಮೇಲೆ ಸಂಪೂರ್ಣವಾಗಿ ನಿಂತುಬಿಡುತ್ತದೆ. ಅನಂತರ ಮುಂದೆ ಹೋಗಿರುವ ದೇಹವನ್ನು ಹಿಂದೆ ಹಾಕಿ ನಿಲ್ಲಬೇಕಾಗುತ್ತದೆ. ನಡಿಗೆಯ ಒಂದು ಆವೃತ್ತಿಯಲ್ಲಿ ಪ್ರತಿಯೊಂದು ಪಾದವೂ ನೂರಕ್ಕೆ 60 ಪಾಲು ಕಾಲ ನೆಲದ ಮೇಲಿದ್ದು, 40 ಪಾಲು ಕಾಲ ಮಾತ್ರ ಗಾಳಿಯಲ್ಲಿರುತ್ತದೆ. ಕ್ರಮಿಸಬೇಕಾದ ದೂರವನ್ನೆಲ್ಲ ಈ 40 ಪಾಲು ಕಾಲದಲ್ಲಿಯೇ ಕ್ರಮಿಸಬೇಕಾದುದರಿಂದ ಅದರ ಸರಾಸರಿ ವೇಗ ನಡಿಗೆಯ ವೇಗದ ಎರಡೂವರೆಯಷ್ಟು, ಎಂದರೆ ಸೆಕೆಂಡಿಗೆ 2.75 ಮೀಟರು. ಜೋಡಿನ ತೂಕ ಒಂದು ಕಿಲೋಗ್ರಾಂ ಹೆಚ್ಚಾದರೆ ಒಂದೊಂದು ಕಾಲಿಗೆ ಅರ್ಧ ಕಿಲೋಗ್ರಾಂ ಬರುತ್ತದೆ. ಅದಕ್ಕೆ ಹೆಜ್ಜೆಯೊಂದಕ್ಕೆ ಒದಗಿಸಬೇಕಾದ ಚಲನಶಕ್ತಿ ಸುಮಾರು 1.9 ಜೂಲ್. ಬೆನ್ನಿನ ಮೇಲಿನ ಕಿಲೋಗ್ರಾಮಿಗೆ 0.4, ಕಾಲಿನ ಕಿಲೋಗ್ರಾಮಿಗೆ 1.9: ಹೆಚ್ಚು ಕಡಿಮೆ ಐದು ಪಟ್ಟು!

ಇದು ಸ್ಥೂಲವಾದ ಲೆಕ್ಕವೆಂಬುದನ್ನು ಒಪ್ಪಬೇಕು. ಕಾಲು ಲೋಲಕದಂತೆ ತೂಗುವುದರಿಂದ ಈ ಶಕ್ತಿಯಲ್ಲಿ ಒಂದಂಶ ಹಿಂದಿರುಗಿ ಬರುತ್ತದೆ. ಮುಂಡದ ಏರಿಳಿತದಲ್ಲಿಯೂ ಹಾಗೆಯೇ. ಆದುದರಿಂದ ಪ್ರಯೋಗದ ಸಾಕ್ಷ್ಯ ಅವಶ್ಯಕ. 1969ರಲ್ಲಿ ಅಮೆರಿಕದ ಸೈನ್ಯದ ಸಂಶೋಧಕರು ಪಾದಗಳಿಗೆ ತೂಕವನ್ನು ಕಟ್ಟಿ ನಡೆಸಿ, ನಡೆಯುವವರು ಬಳಸಿದ ಆಮ್ಲಜನಕವನ್ನು ಅಳೆದರು. ದೇಹದ ಸ್ವಂತ ತೂಕವನ್ನು ಸಾಗಿಸುವುದಕ್ಕೆ ಹೋಲಿಸಿದರೆ ಪಾದದ ತೂಕಕ್ಕೆ ಕಿಲೋಗ್ರಾಮೊಂದಕ್ಕೆ ನಾಲ್ಕರಿಂದ ಆರು ಪಟ್ಟು ವೆಚ್ಚವಾಗುವುದೆಂದೂ ವೇಗ ಹೆಚ್ಚಿದಂತೆ ಈ ಪ್ರಮಾಣ ಏರುವುದೆಂದೂ ಅವರು ಕಂಡುಕೊಂಡರು. ಅವರು ಕಟ್ಟಿದ ತೂಕ ಯಾವ ಬೂಟಿಗಿಂತಲೂ ಬಹಳ ಹೆಚ್ಚಿನದು, ನಿಜ. ಆದರೂ ನಮ್ಮ ಲೆಕ್ಕ ದಾರಿತಪ್ಪಿಲ್ಲವೆಂಬುದಕ್ಕೆ ಇಷ್ಟು ಸಾಕು.

ಈಗ ಅಂಗಡಿಗೆ ಹೋಗೋಣ. ಕಾಡುದಾರಿಗೆಂದು ತಯಾರಾದ ಹಗುರ ಜೋಡು ಸುಮಾರು 600 ಗ್ರಾಂ ತೂಗಿದರೆ, ತೊಗಲಿನ ಎತ್ತರದ ಬೂಟು 1400 ಗ್ರಾಂ ತೂಗಬಹುದು. ವ್ಯತ್ಯಾಸ 800 ಗ್ರಾಂ. ಐದು ಪಟ್ಟಿನ ಲೆಕ್ಕದಲ್ಲಿ ಇದು ಬೆನ್ನಿನ ಮೇಲೆ 4 ಕಿಲೋಗ್ರಾಂ, ಎಂದರೆ ನಾಲ್ಕು ಲೀಟರು ನೀರು. ಚೀಲದಿಂದ ನೂರು ಗ್ರಾಮಿನ ವಸ್ತುವನ್ನು ತೆಗೆಯಲು ಹೆಣಗುವವರು ನಾಲ್ಕು ಲೀಟರು ನೀರಿನ ಹೊರೆಯನ್ನು ಕಾಲಿಗೆ ಕಟ್ಟಿಕೊಂಡು ಹೊರಡುವುದು ಜಾಣತನವಲ್ಲ. ಕಡಿದಾದ ಏರಿನಲ್ಲಿ ಮಾತ್ರ ಈ ಪ್ರಮಾಣ ಇಳಿಯುತ್ತದೆ. ಅಲ್ಲಿ ನಡಿಗೆ ನಿಧಾನ; ಮೇಲಾಗಿ, ಕುಕ್ಕೆಯಿಂದ 1712 ಮೀಟರು ಎತ್ತರದ ಕುಮಾರ ಪರ್ವತಕ್ಕೆ ಒಂದು ಕಿಲೋಗ್ರಾಮನ್ನು ಏರಿಸುವುದಕ್ಕೆ ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ, ಅದು ಕಾಲಿನಲ್ಲಿರಲಿ ಬೆನ್ನಿನಲ್ಲಿರಲಿ, ಒಂದೇ.

"ಕಾಲು ಉಳುಕಿದರೆ ಏನು ಗತಿ?" ಎಂಬುದು ಗಟ್ಟಿ ಬೂಟಿನ ಪಕ್ಷದವರ ಮುಖ್ಯ ಆಕ್ಷೇಪಣೆ. ಇದು ಅಲ್ಲಗಳೆಯುವ ಮಾತಲ್ಲ, ಪರೀಕ್ಷಿಸಬೇಕಾದ ಮಾತು. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 622 ಮಂದಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಎತ್ತರದ ಮತ್ತು ಗಿಡ್ಡ ಜೋಡುಗಳನ್ನು ಹಂಚಿ ನೋಡಲಾಯಿತು. ಉಳುಕಿನ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಆಟದ ಅಂಗಳ ಬೆಟ್ಟದ ಹಾದಿಯಲ್ಲವಾದುದರಿಂದ ಇದನ್ನು ಕೊನೆಯ ತೀರ್ಪೆಂದು ನಾವು ಹೇಳುವುದಿಲ್ಲ. ಆದರೆ ಎತ್ತರದ ಬೂಟು ಕಾಲನ್ನು ಕಾಯುತ್ತದೆಂಬುದು ತಾನಾಗಿಯೇ ಸಿದ್ಧವಾದ ಸತ್ಯವೂ ಅಲ್ಲ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಅಟ್ಟೆ ದಪ್ಪವಾದಷ್ಟೂ ಕಣಕಾಲಿನ ಕೀಲು ನೆಲದಿಂದ ಮೇಲಕ್ಕೆ ಹೋಗುತ್ತದೆ. ಪಾದ ಓರೆಯಾದಾಗ ಅದನ್ನು ತಿರುಚುವ ಬಲಕ್ಕೆ ಉದ್ದವಾದ ಸನ್ನೆ ದೊರೆತಂತಾಗುತ್ತದೆ. ಈ ದೃಷ್ಟಿಯಿಂದ ನೆಲಕ್ಕೆ ಹತ್ತಿರವಾದ ತೆಳು ಅಟ್ಟೆಯೇ ಕ್ಷೇಮ.

1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಸುಮಾರು 3300 ಕಿಲೋಮೀಟರು ಉದ್ದದ ಅಪಲೇಷಿಯನ್ ದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದರು. ಅವರು ಧರಿಸಿದ್ದುದು ಸಾಧಾರಣವಾದ ಕ್ಯಾನ್ವಾಸ್ ಜೋಡು. ಹೊತ್ತದ್ದು ತಾವೇ ಹೊಲಿದ ಒಂದು ಬಟ್ಟೆಯ ಚೀಲ. ದಾರಿಯುದ್ದಕ್ಕೂ ಹಲವು ಜೋಡುಗಳು ಸವೆದುಹೋದುವು. ಹಗುರ ಜೋಡಿನ ನಿಜವಾದ ದೋಷ ಇದೇ: ಅದು ಬೇಗ ಸವೆಯುತ್ತದೆ. ಆದರೆ ಅವರ ಯಶಸ್ಸಿನ ಗುಟ್ಟು ಜೋಡಿನಲ್ಲಿ ಮಾತ್ರವಲ್ಲ, ಚೀಲದಲ್ಲಿಯೂ ಇದ್ದಿತೆಂಬುದನ್ನು ಮರೆಯಬಾರದು. ಬೆನ್ನಿನ ಹೊರೆ ಇಳಿದರೆ ಮಾತ್ರ ಹಗುರ ಜೋಡಿನ ವಾದಕ್ಕೆ ಪೂರ್ಣ ಬೆಲೆ. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯು 12 ಕಿಲೋಗ್ರಾಮನ್ನು ಮೀರದ ಚೀಲದೊಡನೆ ನಮ್ಮ ಪಶ್ಚಿಮ ಘಟ್ಟಗಳ ಕಾಲುದಾರಿಯಲ್ಲಿ ನಡೆಯುವುದಾದರೆ ಹಗುರ ಜೋಡೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಹಿಮದ ಮೇಲೆ, ಸಡಿಲ ಬಂಡೆಗಳ ರಾಶಿಯ ಮೇಲೆ, 20 ಕಿಲೋಗ್ರಾಮಿಗೂ ಮಿಗಿಲಾದ ಹೊರೆಯೊಡನೆ ನಡೆಯುವವರಿಗೆ ಬಾಗದ ಅಟ್ಟೆಯ ಗಟ್ಟಿ ಬೂಟು ಬೇಕು. ಹಿಂದೆ ಕಾಲು ಉಳುಕಿದ್ದವರು ವೈದ್ಯರನ್ನು ಕೇಳಿಯೇ ಆರಿಸಬೇಕು.

ಆರಿಸುವ ಕ್ರಮವೂ ಸುಲಭವೇ. ಪಾದಗಳು ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಅಂಗಡಿಗೆ ಹೋಗಬೇಕು. ತುಂಬಿದ ಚೀಲವನ್ನು ಹೊತ್ತೇ ಜೋಡನ್ನು ಮೆಟ್ಟಿ ನೋಡಬೇಕು. ಏಕೆಂದರೆ ಹೊರೆ ಬಿದ್ದಾಗ ಪಾದದ ಕಮಾನು ತಗ್ಗಿ ಪಾದ ಉದ್ದವೂ ಅಗಲವೂ ಆಗುತ್ತದೆ. ಬೆರಳುಗಳ ಮುಂದೆ ಹೆಬ್ಬೆರಳಗಲದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಖಂಡಿತ. ಹಿಮ್ಮಡಿ ಜಾರಬಾರದು. ಕೈಯಲ್ಲಿ ಹಿಡಿದು ಮಡಿಸಿದರೆ ಜೋಡು ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಿ ಬಾಗಬಾರದು. ಕೆಸರನ್ನು ಕಚ್ಚಿ ಹಿಡಿಯಲು ಅಟ್ಟೆಯಲ್ಲಿ ಆಳವಾದ ಹಲ್ಲುಗಳಿರಬೇಕು. ಕಟ್ಟಕಡೆಗೆ, ಅದನ್ನು ತಕ್ಕಡಿಯಲ್ಲಿಟ್ಟು ತೂಗಬೇಕು. ಹೊಸ ಜೋಡು ಕಚ್ಚುವುದುಂಟು. ಆದುದರಿಂದ ಬೆಟ್ಟಕ್ಕೆ ಮುನ್ನ ಕೆಲವು ದಿನ ಊರಿನಲ್ಲಿಯೇ ನಡೆದು ಪಳಗಿಸಬೇಕು.

ಮೊದಲು ಹೇಳಿದ ವಿದ್ಯಾರ್ಥಿಯ ಜೋಡನ್ನು ಈಚೆಗೆ ನಾವು ತೂಗಿ ನೋಡಿದೆವು: 580 ಗ್ರಾಂ. ಹಲ್ಲುಗಳೂ ಚೆನ್ನಾಗಿದ್ದುವು. ಅವನು ಅಂದು ಬೆಟ್ಟಕ್ಕೆ ಬರಬಹುದಾಗಿತ್ತು. ಬೆಲೆ ಹೆಚ್ಚಿದ, ತೂಕ ಹೆಚ್ಚಿದ ವಸ್ತುವೇ ಕ್ಷೇಮಕರವೆಂಬ ನಂಬಿಕೆಯು ಅವನ ಪಾಲಿಗೆ ಮುಚ್ಚಿದ ಬಾಗಿಲಾಯಿತು. ಪಟ್ಟಿಗಳನ್ನು ಬರೆಯುವವರು "ಕಡ್ಡಾಯ" ಎಂಬ ಪದವನ್ನು ಬರೆಯುವ ಮುನ್ನ ತಕ್ಕಡಿಯನ್ನೊಮ್ಮೆ ಕೈಗೆತ್ತಿಕೊಳ್ಳಲಿ. ವಿದ್ಯಾರ್ಥಿಗಳಾದರೋ ನಮ್ಮಂಥ ಅಧ್ಯಾಪಕರ ಉತ್ತರವನ್ನೂ ಒಮ್ಮೆ ಲೆಕ್ಕ ಹಾಕಿ ನೋಡದೆ ಒಪ್ಪದಿರಲಿ.