ಹಳೆಯ ಪೇಟಿಗೆ ಹೊಸ ನಾಲಗೆ

ಹಳೆಯ ಹಾರ್ಮೋನಿಯಮ್ಮಿನ ರೀಡು ಕೆಟ್ಟರೆ ಯಾವ ರೀಡು ಕೂಡಿಸಬೇಕೆಂಬುದು ಸಾಹಿತ್ಯದ ಪುಟದಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳನ್ನು ಬಲ್ಲವರು ಹಾಗೆನ್ನಲಾರರು. ಈ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆ ಸಮೀಪಿಸಿತೆಂದರೆ ಊರವರು ನಾಟಕದ ತಾಲೀಮು ಹೂಡುತ್ತಾರೆ. ತಾಲೀಮಿನ ಮನೆಗೆ ಮೊದಲು ಬರುವುದು ಪೇಟಿ, ಆಮೇಲೆ ರಾಜ, ರಾಣಿ, ಖಳನಾಯಕರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿಯೆಂದೇ ಹೆಸರು. ಅದನ್ನು ನುಡಿಸುವವನು ಪೇಟಿ ಮಾಸ್ತರ. ಊರಿನ ನಾಟಕಕ್ಕೆ ಅವನೇ ಸಂಗೀತಗಾರ, ಅವನೇ ನಿರ್ದೇಶಕ, ಎಷ್ಟೋ ಸಲ ಅವನೇ ಕವಿ. ಪೇಟಿಯ ದನಿ ಕೆಟ್ಟರೆ ಊರಿನ ನಾಟಕದ ಕೊರಳೇ ಕಟ್ಟಿದಂತೆ.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಇದೇ ವಿಷಯಕ್ಕೆ ಮೂರು ಪಕ್ಷಗಳಾಗಿವೆ. ಊರ ನಾಟ್ಯಸಂಘದ ಬಳಿ ಕಾಲಿನಿಂದ ತುಳಿದು ನುಡಿಸುವ ಹಳೆಯ ಪೇಟಿಯೊಂದಿದೆ. ಯಾವುದೋ ನಾಟಕ ಕಂಪನಿ ಮುಚ್ಚಿದಾಗ ಪರದೆ, ಕಿರೀಟಗಳ ಜೊತೆಗೆ ಊರಿಗೆ ಬಂದದ್ದಂತೆ. ಈಗ ಅದರ ಕೆಳಸಪ್ತಕದ ಐದಾರು ಸ್ವರಗಳು ಮೂಕವಾಗಿವೆ. ಮೇಲಿನ ಕೆಲವು ಸೀಳುದನಿ ಕೊಡುತ್ತವೆ. ಎಷ್ಟೇ ಬೆಲೆಯಾಗಲಿ, ಮಿರಜಿನಲ್ಲೋ ಪುಣೆಯಲ್ಲೋ ಹುಡುಕಿ ಹಳೆಯ 'ಪ್ಯಾರಿಸ್ ರೀಡು'ಗಳನ್ನೇ ತಂದು ಕೂಡಿಸಬೇಕೆಂದು ಹಿರಿಯರ ಹಟ. ಇದ್ದದ್ದನ್ನೆಲ್ಲ ಕಿತ್ತು ಗುಜರಾತಿನ ಪಾಲಿತಾಣದ ಹೊಸ ರೀಡುಗಳನ್ನು ಸಾಲಾಗಿ ಹಾಕಿಸಿದರೆ ಮುಗಿಯಿತೆಂದು ನಡುವಯಸ್ಸಿನವರ ವಾದ. ಪೇಟಿಯನ್ನೇ ಮೂಲೆಗೆ ಸರಿಸಿ ಕೀಬೋರ್ಡು ಕೊಳ್ಳೋಣವೆಂಬುದು ಹುಡುಗರ ಅಭಿಪ್ರಾಯ. ಅದು ಮಳೆ ನಂಬಿ ಬಿತ್ತುವ ಎರೆಹೊಲದ ಊರು. ಪಟ್ಟಿ ಎತ್ತಿದ ಹಣವನ್ನು ಒಮ್ಮೆ ಖರ್ಚು ಮಾಡಿದ ಮೇಲೆ ಮತ್ತೊಮ್ಮೆ ಮನೆಮನೆಗೆ ಹೋಗಿ ಕೈಯೊಡ್ಡಲು ಯಾರಿಗೂ ಮುಖವಿರುವುದಿಲ್ಲ. ಪಾಠ ಹೇಳಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ ನನ್ನನ್ನೂ ಕೇಳಿದರು. ಅಲ್ಲಿ ಆಡಿದ ಮಾತನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ರೀಡೆಂದರೆ ಹಿತ್ತಾಳೆಯ ಒಂದು ಪಟ್ಟಿ, ಅದರಲ್ಲೊಂದು ಸೀಳು, ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಬಿಗಿದ ತೆಳುವಾದ ನಾಲಗೆ. ತಿದಿಯ ಗಾಳಿ ಸೀಳಿನೊಳಗೆ ನುಗ್ಗುವಾಗ ನಾಲಗೆ ಕಂಪಿಸಿ ಸ್ವರ ಹುಟ್ಟುತ್ತದೆ. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ನಾಲಗೆಗೂ ಪಟ್ಟಿಗೂ ನಡುವಿನ ಸಂದು ಹೆಚ್ಚಾದರೆ ಗಾಳಿ ಪೋಲಾಗಿ ಸ್ವರ ತಡವರಿಸುತ್ತದೆ; ತೀರ ಕಡಿಮೆಯಾದರೆ ಸ್ವರ ಹುಟ್ಟುವುದೇ ಇಲ್ಲ. ಇದಿಷ್ಟರ ಮೇಲೆ ನಿಂತಿದೆ ಪೇಟಿಯ ಸಮಸ್ತ ವೈಭವ.

ಪ್ಯಾರಿಸ್ಸಿನ ಹೆಸರು ಸುಮ್ಮನೆ ಬಂದದ್ದಲ್ಲ. ೧೮೪೦ರ ದಶಕದಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದ ಡೆಬೈನ್ ಪ್ಯಾರಿಸ್ಸಿನವನು. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವ ಹಾಗೆ ಮಾರ್ಪಡಿಸಿ ನಮ್ಮದಾಗಿಸಿದರು. ಕಾಸ್ರಿಯಲ್ ಎಂಬ ಪ್ಯಾರಿಸ್ಸಿನ ತಯಾರಕನ ರೀಡುಗಳಿಗೆ ನಮ್ಮ ವಾದಕರಲ್ಲಿ ಇಂದಿಗೂ ಮಂತ್ರದ ಮಹಿಮೆ. ಆ ರೀಡುಗಳು ಒಳ್ಳೆಯವೇ; ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರು ವರ್ಷ ಬಾಳಿ ನಮ್ಮ ಕೈಗೆ ಸಿಕ್ಕಿದವು ಬಾಳಲು ಯೋಗ್ಯವಾಗಿದ್ದವು ಮಾತ್ರ. ಕೆಟ್ಟವು ಎಂದೋ ಗುಜರಿಗೆ ಹೋಗಿವೆ. ಉಳಿದ ನಾಲ್ಕನ್ನು ಕೇಳಿ, ಹಳೆಯವೆಲ್ಲ ಹೀಗೆಯೇ ಇದ್ದವೆಂದು ತೀರ್ಮಾನಿಸುವುದು ಅವಸರದ ತರ್ಕ. ಬದುಕುಳಿದ ಹಿರಿಯರೊಬ್ಬರನ್ನು ನೋಡಿ ಹಿಂದಿನ ಕಾಲದಲ್ಲಿ ಎಲ್ಲರೂ ತೊಂಬತ್ತು ವರ್ಷ ಬಾಳುತ್ತಿದ್ದರೆನ್ನುವವರ ತರ್ಕವೂ ಇದೇ.

ಹಳೆಯ ಹೆಸರಿನ ಈ ಮೋಹ ನಮ್ಮಲ್ಲಿ ಮಾತ್ರ ಉಂಟೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಜಾಝ್ ಗಿಟಾರ್ ವಾದಕರಲ್ಲಿ ಇದೇ ವ್ಯಾಜ್ಯ ಇನ್ನೂ ಜೋರಾಗಿ ನಡೆದಿದೆ. ಅವರ ಗಿಟಾರಿನಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವೊಂದಿರುತ್ತದೆ: ಅಯಸ್ಕಾಂತ, ಅದರೊಡನೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಈ ಸುರುಳಿಯಲ್ಲಿ ವಿದ್ಯುತ್ತಿನ ಅಲೆಯೆದ್ದು ಧ್ವನಿವರ್ಧಕಕ್ಕೆ ಹೋಗುತ್ತದೆ. ಗಿಬ್ಸನ್ ಕಂಪನಿ ೧೯೩೬ರಲ್ಲಿ ಇಂಥ ಪಿಕಪ್ ಕೂಡಿಸಿದ ಗಿಟಾರನ್ನು ಮಾರಾಟಕ್ಕೆ ತಂದಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ಯುವಕ ಅದನ್ನು ಹಿಡಿದು ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನನ ತಂಡ ಸೇರಿದ. ೧೯೪೨ರಲ್ಲಿ ಇಪ್ಪತ್ತೈದರ ಹರೆಯದಲ್ಲಿಯೇ ತೀರಿಕೊಂಡ. ಆ ಪಿಕಪ್ಪಿಗೆ ಇಂದಿಗೂ ಅವನದೇ ಹೆಸರು. ಅದೇ ಕಂಪನಿಗಾಗಿ ಸೆತ್ ಲವರ್ ಎಂಬಾತ ೧೯೫೫ರಲ್ಲಿ ಎರಡು ಸುರುಳಿಗಳ ಇನ್ನೊಂದು ಬಗೆಯನ್ನು ರೂಪಿಸಿದ. ಅದರ ಮೊದಮೊದಲ ಪಿಕಪ್ಪುಗಳಿಗೆ ಈಗ ಚಿನ್ನದ ಬೆಲೆ. ಕೊಳ್ಳಲಾರದವರಿಗಾಗಿ 'ಹಳೆಯ ಮಾದರಿಯ' ಹೊಸ ಪಿಕಪ್ಪುಗಳನ್ನು ಮಾಡಿ ಮಾರುವವರು ಹತ್ತಾರು ಮಂದಿ. ವಿನೋದವೇನೆಂದರೆ, ಆಗ ತಂತಿ ಸುತ್ತುವ ಕೆಲಸದಲ್ಲಿ ಸುತ್ತುಗಳ ಲೆಕ್ಕ ಬಿಗಿಯಾಗಿರಲಿಲ್ಲ. ಒಂದಕ್ಕಿದ್ದಷ್ಟು ಸುತ್ತು ಇನ್ನೊಂದಕ್ಕಿಲ್ಲ, ಒಂದರ ದನಿ ಇನ್ನೊಂದಕ್ಕಿಲ್ಲ. ಹಾಗಾದರೆ ಹಳೆಯ ಮಾದರಿಯೆಂದರೆ ಯಾವುದರ ಮಾದರಿ? ಅಂದಿನ ಅಲಕ್ಷ್ಯವನ್ನು ಇಂದು ಲಕ್ಷ್ಯವಿಟ್ಟು ನಕಲು ಮಾಡುತ್ತಾರೆ! ಚಾರ್ಲಿ ಕ್ರಿಶ್ಚಿಯನ್ನನಾದರೋ ಅಂಗಡಿಗೆ ಹೊಸದಾಗಿ ಬಂದದ್ದನ್ನು ಎತ್ತಿಕೊಂಡು ನುಡಿಸಿದವನು.

ನಮ್ಮ ಹಳ್ಳಿಗೆ ಮರಳೋಣ. ವ್ಯಾಜ್ಯ ಬೆಳೆಯುತ್ತಿರುವಾಗ ಕುಕನೂರಿನ ಕಡೆಯ ವಯಸ್ಸಾದ ಪೇಟಿ ಮಾಸ್ತರರೊಬ್ಬರನ್ನು ಕರೆಸಿದರು. ಅವರು ಪ್ಯಾರಿಸ್ಸನ್ನೂ ಕೇಳಲಿಲ್ಲ, ಪಾಲಿತಾಣವನ್ನೂ ಕೇಳಲಿಲ್ಲ. ಪೇಟಿಯ ಹಲಗೆ ಬಿಚ್ಚಿ, ಮೂಕವಾದ ರೀಡೊಂದರ ನಾಲಗೆಯ ಕೆಳಗೆ ತೆಳುವಾದ ಕಾಗದದ ಚೂರನ್ನು ಮೆಲ್ಲನೆ ಆಡಿಸಿ, ಮತ್ತೆ ಕೂಡಿಸಿ, ತಿದಿ ತುಳಿದರು. ಸ್ವರ ಬಂದಿತು. "ಸ್ವರ ಸತ್ತಿಲ್ರಿ ಗುರುಗಳ, ಧೂಳ ಕುಂತೈತಿ" ಎಂದರು. ಮೂಕವಾದವುಗಳಲ್ಲಿ ನಿಜಕ್ಕೂ ಮುರಿದಿದ್ದವು ಎರಡೇ. ಇನ್ನು ಸೀಳುದನಿಯ ಮಾತು. ಕೆಲವು ರೀಡುಗಳು ತಮ್ಮ ಜಾಗದಲ್ಲಿ ಸಡಿಲಾಗಿದ್ದವು. ಮನೆಗಳ ಕೆಳಗಿನ ತೊಗಲು ಒಣಗಿ ಗಟ್ಟಿಯಾಗಿ ಗಾಳಿ ಸೋರುತ್ತಿತ್ತು. ತಿದಿಯ ಮಡಿಕೆಯಲ್ಲಿ ಇಲಿ ಕಡಿದ ತೂತಿತ್ತು. ಆ ಸ್ಥಿತಿಯಲ್ಲಿ ಸ್ವರ್ಗದ ರೀಡು ತಂದು ಕೂಡಿಸಿದ್ದರೂ ಅದೇ ದನಿ ಬರುತ್ತಿತ್ತು. ವಾದ್ಯದ ದನಿ ಕುಂದಿದೊಡನೆ ಅತಿ ಬೆಲೆಯ, ಅತಿ ಪ್ರಸಿದ್ಧ ಭಾಗದ ಮೇಲೆಯೇ ನಮ್ಮ ಸಂಶಯ ಹೋಗುತ್ತದೆ. ತೊಗಲಿನ ಚೂರನ್ನು ಯಾರೂ ಸಂಶಯಿಸುವುದಿಲ್ಲ.

ಮುರಿದ ಎರಡಕ್ಕೆ ಬದಲು ಬೇಕೇ ಬೇಕು. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ರೀಡು ಯಾವ ಊರಿನದೆಂಬುದು ಎರಡನೆಯ ಪ್ರಶ್ನೆ, ಅದಕ್ಕೆ ಅರ ಹಿಡಿದು ಶ್ರುತಿ ಕೂಡಿಸುವವರು ಯಾರು, ಅವರ ಕಿವಿ ಎಂಥದೆಂಬುದು ಮೊದಲನೆಯದು. ಪಾಲಿತಾಣದ ರೀಡುಗಳಲ್ಲಿ ಒಳ್ಳೆಯವೂ ಇವೆ, ಸಾಧಾರಣವೂ ಇವೆ. ಅಂಗಡಿಯಿಂದ ತಂದ ಹಾಗೆಯೇ ಕೂಡಿಸಿದರೆ ಹಳೆಯವುಗಳ ಸಾಲಿನಲ್ಲಿ ಹೊಸ ರೀಡು ಕಟ್ಟಿಸಿದ ಹಲ್ಲಿನ ಹಾಗೆ ಎದ್ದು ತೋರುತ್ತದೆ. ಅಕ್ಕಪಕ್ಕದ ಸ್ವರಗಳನ್ನು ಕೇಳುತ್ತ, ಸಂದು ತಿದ್ದುತ್ತ, ಒಂದೊಂದೇ ಎಳೆ ಕೆರೆಯುತ್ತ ಅದನ್ನು ಮನೆಗೆ ಹೊಂದಿಸಬೇಕು. ಅರ್ಧ ದಿನದ ಕೆಲಸ. ಈ ಕೈಯುಳ್ಳವರು ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರ ಬಳಿ ಹುಡುಗರಾರೂ ಕಲಿಯಲು ಕುಳಿತದ್ದನ್ನು ನಾನು ಕಂಡಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇಲ್ಲಿಂದ ದೂರವಲ್ಲ. ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಪುಣ್ಯದಿಂದ ನುಡಿಸುವವರ ಪರಂಪರೆ ಅಲ್ಲಿ ಬೆಳೆಯಿತು. ದುರಸ್ತಿ ಮಾಡುವವರಿಗೂ ಅಂಥ ಆಶ್ರಯ ಬೇಕಿತ್ತೆಂದು ನನಗೆ ತೋರುತ್ತದೆ.

ಶ್ರುತಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಈಗ ಯಂತ್ರದ ಮುಳ್ಳನ್ನು ನೋಡಿ ಹನ್ನೆರಡು ಸ್ವರಗಳನ್ನೂ ಸಮಾನ ಅಂತರದಲ್ಲಿ ಕೂಡಿಸುವ ವಾಡಿಕೆ. ಹಾಗೆ ಕೂಡಿಸಿದ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಭಾಗದಷ್ಟು ಎತ್ತರ. ಕಿವಿಯುಳ್ಳವರಿಗೆ ಅದು ಚುಚ್ಚುತ್ತದೆ. ಇಂಥ ದೋಷಗಳಿಗಾಗಿಯೇ ರೇಡಿಯೋ ೧೯೪೦ರಲ್ಲಿ ಈ ವಾದ್ಯವನ್ನು ಹೊರಗೆ ಹಾಕಿ, ಮೂರು ದಶಕಗಳವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. (ನಮ್ಮ ಹಳ್ಳಿಗಳು ಆ ಆಜ್ಞೆಯನ್ನು ಕೇಳಿಯೇ ಇರಲಿಲ್ಲ ಎನ್ನುವುದು ಪೇಟಿಯ ಭಾಗ್ಯ.) ಹಾಗೆಂದು ಎಲ್ಲ ಪೇಟಿಗಳನ್ನೂ ತಂಬೂರಿಗೆ ಹೊಂದಿಸಿ ಕೂಡಿಸಿರೆಂದು ನಾನು ಹೇಳಲಾರೆ. ಒಂದೇ ಷಡ್ಜದಲ್ಲಿ ಹಾಡುವ ಭಜನಾ ಮಂಡಳಿಗೆ ಅದು ಸೊಗಸು. ನಾಟಕದ ಪೇಟಿಯ ಕಥೆ ಬೇರೆ. ರಾಜನ ಷಡ್ಜ ಒಂದು ಮನೆ, ರಾಣಿಯದು ಇನ್ನೊಂದು, ಹಾಸ್ಯಗಾರ ಎಲ್ಲಿ ಹಿಡಿಯುತ್ತಾನೋ ಅವನಿಗೇ ಗೊತ್ತಿಲ್ಲ. ಒಂದು ಷಡ್ಜಕ್ಕೆ ಇಂಪಾಗಿ ಕೂಡಿಸಿದ ಪೇಟಿ ಮತ್ತೊಂದರಲ್ಲಿ ಕರ್ಕಶವಾಗುತ್ತದೆ. ಅಲ್ಲಿ ಸಮಾನ ಅಂತರವೇ ಕ್ಷೇಮ.

ಹುಡುಗರ ಕೀಬೋರ್ಡನ್ನು ನಾನು ತುಚ್ಛವಾಗಿ ಕಾಣುವುದಿಲ್ಲ. ಅದಕ್ಕೆ ಧೂಳಿನ ಭಯ ಕಡಿಮೆ, ಇಲಿಯ ಭಯವಿಲ್ಲ. ಮಳೆಯ ಸಪ್ಪಳ, ಕುದುರೆಯ ಓಟಗಳನ್ನೂ ಅದು ಕೊಡುತ್ತದೆ. ಆದರೆ ಕಂದಪದ್ಯದ ಕೊನೆಯಲ್ಲಿ ನಟ ದನಿಯನ್ನು ಹಿಗ್ಗಿಸಿದಾಗ, ಮಾಸ್ತರನ ಕಾಲು ತಿದಿಯನ್ನು ಒತ್ತಿ ಸ್ವರವನ್ನೂ ಅದರೊಡನೆ ಹಿಗ್ಗಿಸುತ್ತದೆ. ನಟನ ಉಸಿರಿಗೂ ಪೇಟಿಯ ಉಸಿರಿಗೂ ಇರುವ ಆ ಹೊಂದಾಣಿಕೆಯ ಮೇಲೆಯೇ ನಮ್ಮ ರಂಗಗೀತೆಗಳು ಬೆಳೆದಿವೆ. ಹುಡುಗರು ತಮ್ಮ ಹಣದಲ್ಲಿ ಕೀಬೋರ್ಡು ತರಲಿ, ಪೇಟಿಯ ಪಕ್ಕದಲ್ಲಿಡಲಿ. ಪೇಟಿಗೆಂದು ಎತ್ತಿದ ಪಟ್ಟಿ ಪೇಟಿಗೇ ಹೋಗಲಿ.

ಸಂಘದವರಿಗೆ ನಾನು ಹೇಳಿದ್ದು ಇಷ್ಟು: ಮೊದಲು ತಿದಿ, ತೊಗಲು, ಧೂಳು. ಆಮೇಲೆ ಮುರಿದ ಎರಡು ರೀಡುಗಳಿಗೆ ಬದಲಾಗಿ ಪಾಲಿತಾಣದ ಒಳ್ಳೆಯ ರೀಡುಗಳು. ಅವುಗಳನ್ನು ಹೊಂದಿಸಲು ಅದೇ ಮಾಸ್ತರರಿಗೆ ಒಂದು ದಿನದ ಪೂರ್ತಿ ಕೂಲಿ, ಬಸ್ಸಿನ ಖರ್ಚು, ಊಟ. ಅವರ ಪಕ್ಕದಲ್ಲಿ ನೋಡುತ್ತ ಕೂಡಲು ಊರಿನ ಇಬ್ಬರು ಹುಡುಗರು. ಕಿತ್ತ ಹಳೆಯ ರೀಡುಗಳನ್ನು, ಮುರಿದಿದ್ದರೂ ಸರಿಯೆ, ಯಾವ ಮನೆಯದೆಂದು ಚೀಟಿ ಬರೆದು ಪೇಟಿಯೊಳಗೇ ಇಡಬೇಕು; ಮುಂದೆ ಕೈ ಹಾಕುವವನಿಗೆ ಅಳತೆಗಾದರೂ ಆದೀತು. ಹಿರಿಯರೊಬ್ಬರು, "ಹಂಗಾದ್ರ ಪ್ಯಾರಿಸ್ ಬ್ಯಾಡಂತೀರೇನ್ರಿ ಮಾಸ್ತರ?" ಎಂದು ಕೇಳಿದರು. ಪೇಟಿಯ ರೀಡುಗಳ ಮೇಲೆ ಎಲ್ಲಿಯಾದರೂ ಊರಿನ ಹೆಸರು ಇದೆಯೇ ಎಂದು ನಾನು ಕೇಳಿದೆ. ದೀಪ ಹಿಡಿದು ನೋಡಿದರು. ಇರಲಿಲ್ಲ.