ಮುದ್ರೆ ಬಿದ್ದ ನೋಟು



ಕಳೆದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಮಂಡಿಯಲ್ಲಿ ಹಣ್ಣು ವಿಂಗಡಿಸುವ ಹೆಂಗಸೊಬ್ಬರು ಕೂಲಿಯ ಇನ್ನೂರರ ನೋಟು ಹಿಡಿದು ದಿನಸಿ ಅಂಗಡಿಯ ಮುಂದೆ ನಿಂತಿದ್ದರು. ನೋಟಿನ ಮೇಲೆ ಯಾರೋ ವರ್ತಕರ ನೇರಳೆ ಮುದ್ರೆ, ಪಕ್ಕದಲ್ಲಿ ಪೆನ್ನಿನ ಗೀಚು. “ಇದು ನಡೆಯಲ್ಲಮ್ಮ, ಬೇರೆ ಕೊಡಿ” ಎಂದ ಅಂಗಡಿಯಾತ. ಆಕೆಯ ಬಳಿ ಬೇರೆ ಇರಲಿಲ್ಲ.

ಹಣಕ್ಕೆ ಮುದ್ರೆ ಒತ್ತುವ ರೂಢಿ ಹಳೆಯದು. ಬೆಳ್ಳಿ ರೂಪಾಯಿಯ ಕಾಲದಲ್ಲಿ ಚಿನಿವಾರರು, ಸರಾಫರು ನಾಣ್ಯವನ್ನು ಪರೀಕ್ಷಿಸಿ ಚಿಕ್ಕದೊಂದು ಗುರುತು ಒತ್ತುತ್ತಿದ್ದರು. ಬೆಲೆಯು ಲೋಹದಲ್ಲಿದ್ದುದರಿಂದ ಆ ಗುರುತಿಗೆ ಅರ್ಥವಿತ್ತು. ಆದರೆ ಇಂದಿನ ನೋಟಿನ ಬೆಲೆ ಇರುವುದು ರಿಸರ್ವ್ ಬ್ಯಾಂಕಿನ ಗವರ್ನರರ ವಾಗ್ದಾನದಲ್ಲಿ. ಅದಕ್ಕೆ ವರ್ತಕನ ಜಾಮೀನು ಬೇಕಿಲ್ಲ. ಅದೇ ರಬ್ಬರ್ ಮುದ್ರೆಯನ್ನು ಖೋಟಾ ನೋಟಿಗೂ ಒತ್ತಬಹುದಲ್ಲವೇ?

ಈ ತಪ್ಪಿನಲ್ಲಿ ಬ್ಯಾಂಕುಗಳ ಪಾಲೂ ಇತ್ತು. ಕಂತೆಗಳಿಗೆ ಪಿನ್ನು ಹೊಡೆದು, ನೀರುಗುರುತಿನ ಬಿಳಿಯ ಜಾಗದಲ್ಲಿ ಎಣಿಕೆ ಬರೆಯುತ್ತಿದ್ದುದು ನಿಮಗೂ ನೆನಪಿರಬಹುದು. 2001ರಲ್ಲಿ ರಿಸರ್ವ್ ಬ್ಯಾಂಕು ಅದನ್ನು ನಿಲ್ಲಿಸುವಂತೆ ನಿರ್ದೇಶಿಸಿತು. ಬೆಳಕಿಗೆ ಹಿಡಿದು ಗಾಂಧೀಜಿಯ ನೀರುಗುರುತನ್ನು ಕಾಣಲೆಂದೇ ಇರುವ ಜಾಗವದು. ಅಲ್ಲಿ ಬರೆದರೆ ಪರೀಕ್ಷೆಯ ಸಾಧನವನ್ನೇ ಕೆಡಿಸಿದಂತೆ.

ಹಾಗೆಂದು ಗೀಚಿದ ನೋಟು ಅಮಾನ್ಯವೆಂಬ ವದಂತಿ ಸುಳ್ಳು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯು 2023ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದರೆ ರಾಜಕೀಯ ಅಥವಾ ಧಾರ್ಮಿಕ ಘೋಷಣೆ ಬರೆದ ನೋಟಿಗೆ 2009ರ ನಿಯಮಗಳಲ್ಲಿ ಮಾನ್ಯತೆಯಿಲ್ಲ. 

ಆ ನೋಟನ್ನು ವಾಲಿಸಿ ನೋಡಿದೆ. ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಿತು. ನನ್ನಲ್ಲಿದ್ದ ಎರಡು ನೂರರ ನೋಟುಗಳನ್ನು ಆಕೆಗೆ ಕೊಟ್ಟು ಅದನ್ನು ನಾನೇ ಇಟ್ಟುಕೊಂಡೆ. ಮರುದಿನ ಕೋಲಾರದಲ್ಲಿ ಬ್ಯಾಂಕಿಗೆ ಕಟ್ಟಿದಾಗ ಯಾರೂ ಚಕಾರವೆತ್ತಲಿಲ್ಲ.

ನನ್ನನ್ನು ನೋಯಿಸಿದ್ದು ಇಷ್ಟೇ: ಮುದ್ರೆ ಒತ್ತಿದವನಿಗೆ ನಷ್ಟವಿಲ್ಲ, ಕಟ್ಟಕಡೆಗೆ ನೋಟು ಯಾರ ಕೈ ಸೇರಿತೋ ಅವರಿಗೇ ನಷ್ಟ. ಸಾಮಾನ್ಯವಾಗಿ ಅದು ಬಡವರ ಕೈ.

ಮಾಲೂರಿನಲ್ಲಿ, ಮುಳಬಾಗಿಲಿನಲ್ಲಿ ಅಂಗಡಿ ನಡೆಸುತ್ತಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ಮೇಷ್ಟರ ಮಾತೊಂದನ್ನು ನಡೆಸಿಕೊಡಿ. ನೋಟಿನ ಮೇಲೆ ಬರೆಯಬೇಡಿ, ಮುದ್ರೆ ಒತ್ತಬೇಡಿ. ಆದರೆ ಬೇರೆಯವರು ಬರೆದ ತಪ್ಪಿಗೆ ಎದುರಿಗೆ ನಿಂತವರನ್ನು ಬರಿಗೈಯಲ್ಲಿ ಕಳುಹಿಸಬೇಡಿ. ನೋಟನ್ನು ಬೆಳಕಿಗೆ ಹಿಡಿಯಿರಿ, ವಾಲಿಸಿ ನೋಡಿರಿ; ಅಸಲಿಯಾಗಿದ್ದರೆ ಸಾಮಾನು ಕೊಡಿರಿ.